ಕೃಷ್ಣೆ ದಾಟುವ ಮುನ್ನ: ರಾಯಚೂರಿನ ಒಂದು ಕುಟುಂಬದ ಪ್ರಕರಣ ಅಧ್ಯಯನ

ರಾಯಚೂರಿನವರಿಗೆ ಹೈದರಾಬಾದು ಹೊರ ರಾಜ್ಯವೆಂದು ಅನ್ನಿಸುವುದೇ ಅಪರೂಪ. ಬೆಂಗಳೂರಿಗೆ 400 ಕಿಲೋಮೀಟರಿಗೂ ಹೆಚ್ಚು ಹಾದಿಯಿದ್ದರೆ ಹೈದರಾಬಾದಿಗೆ ಸುಮಾರು 200 ಕಿಲೋಮೀಟರು ಮಾತ್ರ. ಶಕ್ತಿನಗರದ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ತೆಲಂಗಾಣ ಶುರುವಾಗುತ್ತದೆ. ದೊಡ್ಡ ಆಸ್ಪತ್ರೆಗೆ, ಮದುವೆಯ ಜವಳಿಗೆ, ದುಬೈಗೆ ಹೊರಟವರನ್ನು ವಿಮಾನಕ್ಕೆ ಬಿಡುವುದಕ್ಕೆ ಇಲ್ಲಿಯ ಜನ ಮೊದಲಿನಿಂದಲೂ ಅತ್ತ ಮುಖ ಮಾಡಿದವರೇ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಯಾಗಿತ್ತು; ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಈ ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರದ ಪಾಲಾದವು, ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಗಡಿ ಬಿದ್ದರೂ ಬೀಗತನ ನಿಲ್ಲಲಿಲ್ಲ. ಆದ್ದರಿಂದ ಇಲ್ಲಿಂದ ಹೈದರಾಬಾದಿಗೆ ಮನೆ ಬದಲಿಸುವ ಮಾತು ಬಂದಾಗ ಸಂಬಳವೆಷ್ಟು, ಬಾಡಿಗೆಯೆಷ್ಟು ಎಂದು ಕೇಳಿ ಜನ ಸುಮ್ಮನಾಗುತ್ತಾರೆ. ಗಡಿ ದಾಟಿದೊಡನೆ ಕಾಗದಪತ್ರಗಳಲ್ಲಿ ಏನೇನು ಬದಲಾಗುತ್ತದೆ ಎಂಬುದು ಬಹುಮಟ್ಟಿಗೆ ಮಕ್ಕಳು ಸಿಇಟಿ ಬರೆಯುವ ವರ್ಷದಲ್ಲಿ, ದಾಖಲೆ ಪರಿಶೀಲನೆಯ ಸಾಲಿನಲ್ಲಿ ನಿಂತಾಗ ತಿಳಿಯುತ್ತದೆ. ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕನಾಗಿರುವ ನಾನು ಅಂಥ ಸಾಲುಗಳನ್ನು ಹಲವು ವರ್ಷಗಳಿಂದ ನೋಡಿದ್ದೇನೆ. ಇಲ್ಲಿ ವಿವರಿಸಲಿರುವ ಕುಟುಂಬ ಅದಕ್ಕೆ ಮುಂಚೆಯೇ, 2024ರ ಮೇ ತಿಂಗಳಲ್ಲಿ, ಕೇಳಿಕೊಂಡು ಬಂದದ್ದರಿಂದ ಈ ಪ್ರಕರಣ ಬರೆದಿಡಲು ಯೋಗ್ಯವೆನ್ನಿಸಿತು. ಹೆಸರುಗಳನ್ನು ಬಳಸಿಲ್ಲ.

ಕುಟುಂಬದಲ್ಲಿ ಐದು ಜನ. ಯಜಮಾನರಿಗೆ ಆಗ 41 ವರ್ಷ, ಬಿ.ಎಸ್ಸಿ. ಓದಿ, ರಾಯಚೂರು ಹೊರವಲಯದ ಕೈಗಾರಿಕಾ ಪ್ರದೇಶದ ಔಷಧಿ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿ 14 ವರ್ಷ ದುಡಿದವರು. ಪತ್ನಿಯ ತವರು ಗದ್ವಾಲ; ಮನೆಯಲ್ಲಿಯೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಮಗಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಮುಗಿಸಿದ್ದಳು, ಮಗ ನಾಲ್ಕನೆಯದನ್ನು. ಯಜಮಾನರ ತಾಯಿ ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ನಾಲ್ಕು ಎಕರೆ ಗದ್ದೆಯನ್ನು ನೋಡಿಕೊಂಡು ಒಬ್ಬರೇ ಇದ್ದಾರೆ. ಕುಟುಂಬ ನಾಯಕ ಸಮುದಾಯಕ್ಕೆ ಸೇರಿದ್ದು, ಅಂದರೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ. ಈ ಕೊನೆಯ ಸಂಗತಿ ಇಡೀ ಪ್ರಕರಣದ ತಿರುಳಾಗುತ್ತದೆಂದು ಆರಂಭದಲ್ಲಿ ಯಾರೂ ಎಣಿಸಿರಲಿಲ್ಲ.

ಹೈದರಾಬಾದಿನ ಜೀಡಿಮೆಟ್ಲ ಕಡೆಯ ಕಾರ್ಖಾನೆಯೊಂದರಿಂದ ಅವರಿಗೆ ಕರೆ ಬಂದಿತ್ತು. ಇಲ್ಲಿ ಕೈಗೆ ಬರುತ್ತಿದ್ದುದು ತಿಂಗಳಿಗೆ 31,000 ರೂಪಾಯಿ, ಅಲ್ಲಿ 49,000. ಹಣಕ್ಕಿಂತಲೂ ಅವರನ್ನು ಸೆಳೆದದ್ದು ಕೆಲಸದ ಸ್ವರೂಪ. 1960ರ ದಶಕದಲ್ಲಿ ಸರ್ಕಾರಿ ಸ್ವಾಮ್ಯದ ಐಡಿಪಿಎಲ್ ಕಾರ್ಖಾನೆ ನೆಲೆಯೂರಿದಾಗಿನಿಂದ ಹೈದರಾಬಾದು ಔಷಧಿ ತಯಾರಿಕೆಯ ಊರಾಗಿ ಬೆಳೆದಿದೆ. ಐಡಿಪಿಎಲ್‌ನಲ್ಲಿ ಪಳಗಿದವರೇ ಮುಂದೆ ಅಲ್ಲಿ ಖಾಸಗಿ ಕಂಪನಿಗಳನ್ನು ಕಟ್ಟಿದರು. ಅಮೆರಿಕಕ್ಕೆ ರಫ್ತು ಮಾಡುವ ಘಟಕದಲ್ಲಿ, ವಿದೇಶಿ ತಪಾಸಣಾಧಿಕಾರಿಗಳ ಮುಂದೆ ದಾಖಲೆ ಒಪ್ಪಿಸಿ ಅನುಭವವಿರುವವನಿಗೆ ಆ ಊರಿನಲ್ಲಿ ಒಂದು ಕೆಲಸ ಬಿಟ್ಟರೆ ಇನ್ನೊಂದು ಸಿಗುತ್ತದೆ. ರಾಯಚೂರಿನಲ್ಲಿ ಅವರ ಪ್ರಯೋಗಾಲಯ ಪರೀಕ್ಷಿಸುತ್ತಿದ್ದುದು ಬೇರೆ ಕಾರ್ಖಾನೆಗಳಿಗೆ ಹೋಗುವ ಕಚ್ಚಾ ರಾಸಾಯನಿಕವನ್ನು. ಇಲ್ಲಿಯೇ ಇದ್ದರೆ 50ನೆಯ ವಯಸ್ಸಿನಲ್ಲಿಯೂ ಅದೇ ಮೇಜು, ಅದೇ ಗಾಜಿನ ನಳಿಗೆ ಎಂದು ಅವರು ಹೇಳಿದ್ದರಲ್ಲಿ ಅತಿಶಯೋಕ್ತಿ ಇರಲಿಲ್ಲ. ಹೋಗಬೇಕೆನ್ನುವ ಪಕ್ಷಕ್ಕೆ ಇದ್ದ ಬಲವೆಲ್ಲ ಇದೇ, ಮತ್ತು ಅದು ಸಣ್ಣದಲ್ಲ.

ಮನೆಯ ಲೆಕ್ಕವನ್ನು ಬರೆದವರು ಪತ್ನಿ. ಅಳತೆ ಬರೆದುಕೊಳ್ಳುವ ಉದ್ದನೆಯ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯನ್ನು ಅವರು ನನ್ನ ಮುಂದೆ ತೆರೆದಿಟ್ಟರು. ಮುಂಬದಿಯಿಂದ ಯಾರದೋ ಭುಜ, ತೋಳು, ಕಂಕುಳ ಸುತ್ತಳತೆಯ ಅಂಕಿಗಳು ನೀಲಿ ಶಾಯಿಯಲ್ಲಿ ಹಾಳೆಯ ಈ ಬದಿಗೆ ಮೂಡಿದ್ದವು, ಅವುಗಳ ನಡುವೆ ಪೆನ್ಸಿಲಿನಲ್ಲಿ ಬಾಡಿಗೆ ಎಂದು ಬರೆದು 13,000 ಎಂದು ಹಾಕಿದ್ದರು. ಸಂಬಳ ಹೆಚ್ಚುವುದು 18,000. ರಾಯಚೂರಿನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟರೆ 5,500. ಕೂಡಿದರೆ 23,500. ಖರ್ಚಿನ ಕಡೆ: ಹೈದರಾಬಾದಿನ ಬಾಡಿಗೆ ಮತ್ತು ಅಪಾರ್ಟ್‌ಮೆಂಟಿನ ನಿರ್ವಹಣೆ ಸೇರಿ 14,500, ನಿಂತುಹೋಗುವ ಹೊಲಿಗೆಯ ಆದಾಯ 6,000, ನಿಂತುಹೋಗುವ ಗೃಹಲಕ್ಷ್ಮಿ 2,000, ಇಬ್ಬರು ಮಕ್ಕಳ ಖಾಸಗಿ ಶಾಲೆಯ ಶುಲ್ಕವನ್ನು ತಿಂಗಳಿಗೆ ಹಂಚಿದರೆ 7,000, ತಾಯಿಯನ್ನು ನೋಡಲು ಬಂದು ಹೋಗುವ ಖರ್ಚು 3,000. ಕೂಡಿದರೆ 32,500. ಅಂದರೆ 18,000 ರೂಪಾಯಿಯ ಹೆಚ್ಚಳದ ಮೇಲೆ ಮನೆಯಿಡೀ ಹೋದರೆ ತಿಂಗಳಿಗೆ 9,000 ರೂಪಾಯಿ ಕೊರತೆ ಬೀಳುತ್ತಿತ್ತು. ಹೊಲದಿಂದ ಬರುವ ಅಕ್ಕಿಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಬಸ್ಸಿನ ಮೇಲೆ ಹಾಕಿ ಕಳಿಸಬಹುದೆಂಬ ಧೈರ್ಯವಿತ್ತು. ವಿದ್ಯುತ್ತಿನ ವಿಷಯದಲ್ಲಿ ಎರಡೂ ರಾಜ್ಯಗಳಲ್ಲಿ 200 ಯೂನಿಟ್‌ವರೆಗೆ ಉಚಿತ ಯೋಜನೆಗಳಿದ್ದರೂ ತೆಲಂಗಾಣದ್ದು ಅಲ್ಲಿಯ ಬಿಳಿ ಪಡಿತರ ಚೀಟಿಗೆ ತಳುಕುಹಾಕಿಕೊಂಡಿರುವುದರಿಂದ ಹೊಸದಾಗಿ ಹೋದವರಿಗೆ ಅದು ಕೈಗೆಟಕುವುದಿಲ್ಲ. ಯಜಮಾನರು ಒಬ್ಬರೇ ಹೋಗಿ ಹಂಚಿಕೆಯ ಕೋಣೆಯಲ್ಲಿದ್ದರೆ ಕೋಣೆ, ಊಟ, ಓಡಾಟ ಸೇರಿ 12,500 ಹೋಗಿ, 5,500 ಉಳಿಯುತ್ತಿತ್ತು.

ಈ ಲೆಕ್ಕ ಇಷ್ಟಕ್ಕೇ ನಿಂತಿದ್ದರೆ ನನ್ನ ಬಳಿ ಬರುವ ಅಗತ್ಯವಿರಲಿಲ್ಲ. ಅವರನ್ನು ಕಾಡಿದ ಪ್ರಶ್ನೆ ಬೇರೆಯಾಗಿತ್ತು. ಅದನ್ನು ಎತ್ತಿದವರೂ ಪತ್ನಿಯೇ. “ಗದ್ವಾಲದಾಗ ನಮ್ಮಣ್ಣನ ಮಗ ಬಿ.ಸಿ. ಅದಾನ್ರಿ ಸರ್, ನನ್ನ ಮಗ ಇಲ್ಲಿ ಎಸ್.ಟಿ. ಅದಾನ. ನಾವು ಅಲ್ಲಿಗೆ ಹೋದ್ರ ಇವ ಏನಾಗ್ತಾನ?” ಎಂದು ಅವರು ಕೇಳಿದರು. ವಕೀಲರೊಬ್ಬರು ಹತ್ತು ಪುಟದಲ್ಲಿ ಬರೆಯಬಹುದಾದ ಸಮಸ್ಯೆ ಆ ಎರಡು ಮಾತಿನಲ್ಲಿ ಪೂರ್ತಿ ಇತ್ತು.

ಕರ್ನಾಟಕದಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂದು ಕರೆಯುವ ಸಮುದಾಯವನ್ನು ನದಿಯಾಚೆ ಬೋಯ, ವಾಲ್ಮೀಕಿ ಬೋಯ ಎನ್ನುತ್ತಾರೆ. ಅಲ್ಲಿಯ ಬಯಲುಸೀಮೆಯ ಬೋಯರು ಹಿಂದುಳಿದ ವರ್ಗಗಳ ‘ಎ’ ಗುಂಪಿನಲ್ಲಿದ್ದಾರೆ. ಹೆಣ್ಣು ಕೊಟ್ಟು ತರುವ ಮನೆಗಳೇ ಆದರೂ ಸಂವಿಧಾನದ 342ನೆಯ ವಿಧಿಯ ಪ್ರಕಾರ ಪಂಗಡಗಳ ಪಟ್ಟಿಯನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿದಂತೆ ಹೊರಡಿಸುವುದರಿಂದ ಒಂದು ರಾಜ್ಯದ ಸ್ಥಾನ ಇನ್ನೊಂದಕ್ಕೆ ಹಿಂಬಾಲಿಸಿಕೊಂಡು ಹೋಗುವುದಿಲ್ಲ. ಇದು 1990ರಲ್ಲಿಯೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ಇತ್ಯರ್ಥವಾದ ವಿಷಯ. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದ ತಂದೆ ನೌಕರಿಯ ಕಾರಣಕ್ಕೆ ಮಹಾರಾಷ್ಟ್ರಕ್ಕೆ ಬಂದು ನೆಲೆಸಿದ್ದರು. ಮಗ ಮುಂಬೈಯ ವೈದ್ಯಕೀಯ ಕಾಲೇಜಿನಲ್ಲಿ ಆ ಪಂಗಡದ ಮೀಸಲು ಸೀಟು ಕೇಳಿದಾಗ ಅದು ದೊರೆಯುವುದಿಲ್ಲವೆಂದು ನ್ಯಾಯಾಲಯ ಹೇಳಿತು. 2018ರಲ್ಲಿ ಇನ್ನೊಂದು ಸಂವಿಧಾನ ಪೀಠ ರಾಜ್ಯ ಸರ್ಕಾರಗಳ ನೌಕರಿಯ ವಿಷಯದಲ್ಲಿಯೂ ಅದೇ ತತ್ವವನ್ನು ಎತ್ತಿಹಿಡಿಯಿತು. ವಲಸೆ ಹೋದ ಮಾತ್ರಕ್ಕೆ ಅಲ್ಲಿಯ ‘ಎ’ ಗುಂಪಿನ ಸ್ಥಾನವೂ ತಾನಾಗಿ ಸಿಗುವುದಿಲ್ಲ. ಹೀಗಾಗಿ ಈ ಕುಟುಂಬದ ಮಕ್ಕಳು ತೆಲಂಗಾಣ ಸರ್ಕಾರದ ಸೀಟು, ನೌಕರಿಗಳ ಮಟ್ಟಿಗೆ ಸಾಮಾನ್ಯ ವರ್ಗದವರಾಗುತ್ತಿದ್ದರು.

ಇದರಿಂದ ಅವರು ಪರಿಶಿಷ್ಟ ಪಂಗಡವನ್ನೇ ಕಳೆದುಕೊಳ್ಳುತ್ತಾರೆಂದು ಅರ್ಥವಲ್ಲ. ಮೂಲ ರಾಜ್ಯದಲ್ಲಿ ಅದು ಉಳಿಯುತ್ತದೆ; ಕೇಂದ್ರ ಸರ್ಕಾರದ ಹುದ್ದೆ, ಐಐಟಿಯಂಥ ಕೇಂದ್ರದ ಸಂಸ್ಥೆಗಳಿಗೆ ತಂದೆಯ ಮೂಲ ರಾಜ್ಯದ ಪ್ರಮಾಣಪತ್ರದ ಆಧಾರದ ಮೇಲೆ ಅದು ನಡೆಯುತ್ತದೆ. ಆದರೆ ರಾಯಚೂರಿನ ಸರ್ಕಾರಿ ಶಾಲೆಯ ಹುಡುಗಿಗೆ ಮೊದಲು ತೆರೆಯುವ ಬಾಗಿಲುಗಳು ರಾಜ್ಯದವೇ. ಕರ್ನಾಟಕ 2022ರಲ್ಲಿ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ. 3ರಿಂದ ಶೇ. 7ಕ್ಕೆ ಏರಿಸಿದೆ. ಅದರ ಜೊತೆಗೆ ಸಂವಿಧಾನದ 371ಜೆ ವಿಧಿ ಇದೆ: ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು, ರಾಜ್ಯದ ಇತರ ಕಡೆ ಶೇ. 8ರಷ್ಟು ಸೀಟುಗಳು, ಈ ಭಾಗದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ. 80, ‘ಡಿ’ ಗುಂಪಿನಲ್ಲಿ ಶೇ. 85. 371ಜೆ ಮತ್ತು ಪರಿಶಿಷ್ಟ ಪಂಗಡ ಎರಡೂ ಒಟ್ಟಿಗಿರುವ ವಿದ್ಯಾರ್ಥಿಗೆ ರಾಯಚೂರಿನ ರಿಮ್ಸ್ ವೈದ್ಯಕೀಯ ಕಾಲೇಜಾಗಲಿ ಕೃಷಿ ವಿಶ್ವವಿದ್ಯಾಲಯವಾಗಲಿ ಎಷ್ಟು ಹತ್ತಿರಕ್ಕೆ ಬರುತ್ತದೆಂಬುದನ್ನು ನನ್ನ ವಿದ್ಯಾರ್ಥಿಗಳಲ್ಲಿಯೇ ಕಂಡಿದ್ದೇನೆ.

ರಾಜ್ಯ ಬಿಟ್ಟರೆ 371ಜೆ ಹೋಗುತ್ತದೆಂಬ ಭಯ ಈ ಊರಿನಲ್ಲಿ ವ್ಯಾಪಕವಾಗಿದೆ, ಯಜಮಾನರಿಗೂ ಅದಿತ್ತು. ಆ ವಿಧಿಯ ಮಾತು ಹುಟ್ಟಿನಿಂದಾಗಲಿ ವಾಸದಿಂದಾಗಲಿ ಈ ಪ್ರದೇಶಕ್ಕೆ ಸೇರಿದವರು ಎಂಬುದು. ಇಬ್ಬರೂ ಮಕ್ಕಳು ರಾಯಚೂರಿನಲ್ಲಿ ಹುಟ್ಟಿದವರು, ತಂದೆ ಮಾನ್ವಿ ತಾಲ್ಲೂಕಿನಲ್ಲಿ ಹುಟ್ಟಿದವರು. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಪ್ರಮಾಣಪತ್ರ ಮನೆಯಲ್ಲಿತ್ತು. ಅದು ಹೈದರಾಬಾದಿಗೆ ಹೋದ ಮಾತ್ರಕ್ಕೆ ಸತ್ತುಹೋಗುವ ಕಾಗದವಲ್ಲ. ನಿಜವಾದ ತೊಡಕು ಅದಕ್ಕಿಂತ ಹಿಂದಿನ ಮೆಟ್ಟಿಲಲ್ಲಿದೆ. ಸಿಇಟಿ ಮೂಲಕ ಸರ್ಕಾರಿ ಸೀಟಿಗೆ ಅರ್ಹರಾಗಲು ವಿದ್ಯಾರ್ಥಿ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಅದರೊಂದಿಗೆ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಇವೆರಡರಲ್ಲಿ ಒಂದನ್ನಾದರೂ ಇಲ್ಲಿಯೇ ಪಾಸು ಮಾಡಿರಬೇಕು. ಈ ಅರ್ಹತೆ ಸಿಗದಿದ್ದರೆ 371ಜೆ, ಪರಿಶಿಷ್ಟ ಪಂಗಡ ಎರಡರ ಪ್ರಮಾಣಪತ್ರಗಳೂ ಟ್ರಂಕಿನಲ್ಲಿಯೇ ಉಳಿಯುತ್ತವೆ.

ಹೀಗೆ ನೋಡಿದಾಗ ಮಗಳ ದಾರಿ ಸ್ಪಷ್ಟವಾಯಿತು. ಇಲ್ಲಿಯ ಅವಳ ಓದಿಗೆ ಆಗಲೇ ಎಂಟು ವರ್ಷ ತುಂಬಿದ್ದವು. ಬೇಕಾದದ್ದು ಒಂದು ಪರೀಕ್ಷೆ ಮಾತ್ರ. 2026ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ, ಅನಂತರ ಹೈದರಾಬಾದಿನಲ್ಲಿ ಇಂಟರ್‌ಮೀಡಿಯೆಟ್ (ಅಲ್ಲಿಯ ಪಿಯುಸಿ) ಓದಿದರೂ ಕರ್ನಾಟಕದ ಸಿಇಟಿಗೆ ಅವಳ ಅರ್ಹತೆ ಉಳಿಯುತ್ತದೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗಿರುವ ಶೇ. 5ರ ಮೀಸಲಾತಿಯೂ ಆ ಹತ್ತು ವರ್ಷ ತುಂಬಿದರೆ ಅವಳದಾಗುತ್ತದೆ. ಎಂಟಕ್ಕೆ ಬಿಟ್ಟರೆ ಇಲ್ಲ. ಇದರ ಮೇಲೆ ತೆಲಂಗಾಣದಲ್ಲಿ 2018ರ ಕಾಯ್ದೆಯ ಪ್ರಕಾರ ಹತ್ತನೆಯ ತರಗತಿಯವರೆಗೆ ತೆಲುಗು ಕಡ್ಡಾಯ. ತಾಯಿಯ ಬಾಯಲ್ಲಿ ತೆಲುಗು ಕೇಳಿ ಬೆಳೆದ ಹುಡುಗಿಗೆ ಮಾತು ಬರುತ್ತಿತ್ತು, ಲಿಪಿಯೂ ನಮ್ಮದಕ್ಕೆ ತೀರ ಹತ್ತಿರದ್ದು; ಆದರೂ ಒಂಬತ್ತನೆಯ ತರಗತಿಯಲ್ಲಿ ಹೊಸ ರಾಜ್ಯ, ಹೊಸ ಮಾಧ್ಯಮ, ಹೊಸ ಭಾಷಾ ಪತ್ರಿಕೆ ಮೂರನ್ನೂ ಒಟ್ಟಿಗೆ ಹೊರಿಸುವುದು ನನಗೆ ಸರಿಕಾಣಲಿಲ್ಲ, ಹಾಗೆಂದು ಹೇಳಿದೆ.

ಮಗನ ಲೆಕ್ಕದಲ್ಲಿ ನಾನೇ ಎಡವಿದೆ. ನಾಲ್ಕು ವರ್ಷ ಇಲ್ಲಿ ಓದಿ ಹೋದ ಹುಡುಗ ಪಿಯುಸಿಗೆ ಹಿಂತಿರುಗಿದರೂ ನಾಲ್ಕು ಮತ್ತು ಎರಡು ಸೇರಿ ಆರೇ ವರ್ಷವಾಗುತ್ತದೆ, ಏಳಕ್ಕೆ ಒಂದು ಕಡಿಮೆ ಬೀಳುತ್ತದೆ, ಆದ್ದರಿಂದ ಇನ್ನೊಂದು ವರ್ಷವಾದರೂ ಕಾಯಿರಿ ಎಂದು ಖಂಡಿತವಾಗಿ ಹೇಳಿ ಕಳಿಸಿದ್ದೆ. ಮರುದಿನ ಸಿಬ್ಬಂದಿ ಕೊಠಡಿಯಲ್ಲಿ ಈ ವಿಷಯ ಎತ್ತಿದಾಗ ಸಹೋದ್ಯೋಗಿಯೊಬ್ಬರು ಸಿಇಟಿ ಮಾಹಿತಿ ಪುಸ್ತಿಕೆಯ ಮುಂದಿನ ನಿಯಮವನ್ನು ತೋರಿಸಿದರು: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ವಿದ್ಯಾರ್ಥಿ ಪ್ರಥಮ ಮತ್ತು ದ್ವಿತೀಯ ಪಿಯುಸಿಯನ್ನು ಇಲ್ಲಿ ಓದಿ ಪಾಸಾದರೆ ಅಷ್ಟೇ ಸಾಕು. ಪ್ರತಿ ವರ್ಷ ಮೊದಲ ನಿಯಮದಲ್ಲಿಯೇ ಎಲ್ಲ ವಿದ್ಯಾರ್ಥಿಗಳೂ ಅರ್ಹರಾಗುತ್ತಿದ್ದುದರಿಂದ ಎರಡನೆಯದನ್ನು ನಾನು ಓದಿಯೂ ಮರೆತಿದ್ದೆ. ಫೋನು ಮಾಡಿ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. ತಾಯಿ ಓದಿದ್ದು ಗದ್ವಾಲದಲ್ಲಿ, ಆದ್ದರಿಂದ ಆ ನಿಯಮ ತಂದೆಯ ಶಾಲಾ ವರ್ಷಗಳ ಮೇಲೆ ನಿಲ್ಲುತ್ತಿತ್ತು. ಅವರು ಒಂದರಿಂದ ಏಳರವರೆಗೆ ಓದಿದ್ದು ತಮ್ಮ ಹಳ್ಳಿಯ ಶಾಲೆಯಲ್ಲಿ.

ಆ ಶಾಲೆಗೆ ನಾನೂ ಜೊತೆಗೆ ಹೋಗಿದ್ದೆ. ಮುಖ್ಯ ಶಿಕ್ಷಕರು ಕಬ್ಬಿಣದ ಕಪಾಟಿನಿಂದ ಪ್ರವೇಶ ದಾಖಲಾತಿಯ ಹಳೆಯ ರಿಜಿಸ್ಟರುಗಳನ್ನು ಇಳಿಸಿ, 1989ರ ಸಾಲಿನದನ್ನು ಹುಡುಕಿ ತೆಗೆದರು. ಅಂಚುಗಳನ್ನು ಗೆದ್ದಲು ತಿಂದಿತ್ತು. ಹೆಸರು, ತಂದೆಯ ಹೆಸರು, ಜಾತಿಯ ಕಲಮಿನಲ್ಲಿ ‘ಬೇಡರ’, ಪ್ರವೇಶದ ದಿನಾಂಕ ಎಲ್ಲವೂ ಇದ್ದವು. ಶಾಲೆ ಬಿಟ್ಟ ದಿನಾಂಕದ ಕಲಮು ಇರಬೇಕಾದ ಬಲ ಅಂಚು ಮಾತ್ರ ಪುಡಿಯಾಗಿ ಹೋಗಿತ್ತು. ಏಳು ವರ್ಷವನ್ನು ರುಜುವಾತುಪಡಿಸಬೇಕಾದ ಕಲಮೇ ಅದು. ಮುಖ್ಯ ಶಿಕ್ಷಕರು ತಾಳ್ಮೆಯಿಂದ 1996ರ ಹಾಜರಿ ಪುಸ್ತಕವನ್ನು ಹುಡುಕಿ, ಏಳನೆಯ ತರಗತಿಯ ಹಾಜರಿಯಲ್ಲಿ ಅದೇ ಹೆಸರನ್ನು ತೋರಿಸಿ, ಮಾನ್ವಿಯ ಪ್ರೌಢಶಾಲೆಯ ವರ್ಗಾವಣೆ ಪತ್ರದ ಪ್ರತಿಯನ್ನೂ ಜೊತೆಗಿಟ್ಟು, ವ್ಯಾಸಂಗ ಪ್ರಮಾಣಪತ್ರ ಬರೆದು ಕೊಟ್ಟರು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಗೆ ಇನ್ನೆರಡು ಸುತ್ತು ಓಡಾಟವಾಯಿತು. ಮಗ ಸಿಇಟಿ ಬರೆಯುವ ವರ್ಷದಲ್ಲಿ, ಅಂದರೆ 2032ರಲ್ಲಿ, ಆ ರಿಜಿಸ್ಟರಿನ ಪುಟ ಎಷ್ಟು ಉಳಿದಿರುತ್ತಿತ್ತೋ ಯಾರಿಗೆ ಗೊತ್ತು. ಹೊರ ರಾಜ್ಯಕ್ಕೆ ಹೊರಡುವ ಯಾವ ಕುಟುಂಬಕ್ಕೂ ಈಗ ನಾನು ಮೊದಲು ಕೇಳುವುದು ತಂದೆತಾಯಿಯ ವ್ಯಾಸಂಗ ಪ್ರಮಾಣಪತ್ರ ಕೈಯಲ್ಲಿದೆಯೇ ಎಂದು.

ನದಿಯಾಚೆಯ ಲೆಕ್ಕ ಇದಕ್ಕಿಂತ ವಿಚಿತ್ರ. ತೆಲಂಗಾಣದಲ್ಲಿ 2018ರ ರಾಷ್ಟ್ರಪತಿ ಆದೇಶದಂತೆ ನೇರ ನೇಮಕಾತಿಯ ಶೇ. 95ರಷ್ಟು ಹುದ್ದೆಗಳು ಸ್ಥಳೀಯ ಅಭ್ಯರ್ಥಿಗಳಿಗೆ. ಒಂದರಿಂದ ಏಳನೆಯ ತರಗತಿಯೊಳಗೆ ಕನಿಷ್ಠ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿದವನು ಸ್ಥಳೀಯ. ನಾಲ್ಕನೆಯದನ್ನು ಮುಗಿಸಿ ಹೋಗುವ ಹುಡುಗನಿಗೆ ಅಲ್ಲಿ ಐದು, ಆರು, ಏಳು, ಹೀಗೆ ಮೂರೇ ವರ್ಷ ಸಿಗುತ್ತವೆ. ಜೀವಮಾನವಿಡೀ ಹೈದರಾಬಾದಿನಲ್ಲಿಯೇ ಇದ್ದರೂ ಅಲ್ಲಿಯ ಸರ್ಕಾರಿ ನೌಕರಿಗೆ ಅವನು ಹೊರಗಿನವನು. ವೈದ್ಯಕೀಯ ಸೀಟಿಗೆ ಬಂದರೆ, 2024ರ ಜುಲೈ ತಿಂಗಳಲ್ಲಿ ತಿದ್ದುಪಡಿಯಾದ ಅಲ್ಲಿಯ ನಿಯಮ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಸತತ ನಾಲ್ಕು ವರ್ಷಗಳನ್ನು ಕೇಳುತ್ತದೆ. 2025ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಅಂದರೆ ಅಲ್ಲಿಯೇ ಉಳಿದರೆ ಅದೇ ಹುಡುಗ ವೈದ್ಯನಾಗಲು ಸ್ಥಳೀಯ, ಗುಮಾಸ್ತನಾಗಲು ಪರಸ್ಥಳದವ. ಎರಡು ಸರ್ಕಾರಗಳೂ ತಮ್ಮ ಮಕ್ಕಳನ್ನು ಕಾಪಾಡಿಕೊಳ್ಳಲು ಹಾಕಿದ ಬೇಲಿಗಳಿವು. ನಡುವೆ ಹಾದುಹೋಗುವವರ ಕಾಲಿಗೆ ಎರಡೂ ಕಡೆಯ ಮುಳ್ಳು ತಾಗುತ್ತದೆ.

ಉಳಿದ ವಿಷಯಗಳು ಇಷ್ಟು ತೊಡಕಿನವಲ್ಲ. ಭವಿಷ್ಯನಿಧಿಯ ಖಾತೆ ಅದೇ ಯುಎಎನ್ ಸಂಖ್ಯೆಯಲ್ಲಿ ವರ್ಗವಾಗುತ್ತದೆ. ಕೆಎ-36ರ ಮೋಟರ್‌ಸೈಕಲ್ಲನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಇಟ್ಟುಕೊಂಡರೆ ಇಲ್ಲಿಯ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಪಡೆದು ಅಲ್ಲಿ ಮರುನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ಹಳೆಯ ಗಾಡಿಗೆ ಅಷ್ಟು ಸಾಹಸ ಬೇಡವೆಂದು ಅವರು ಅದನ್ನು ಇಲ್ಲಿಯೇ ಬಿಡಲು ನಿರ್ಧರಿಸಿದರು. ಮತದಾರರ ಪಟ್ಟಿಯ ವರ್ಗಾವಣೆಗೆ ನಮೂನೆ 8 ಸಾಕು. ಪತ್ನಿಯ ಗೃಹಲಕ್ಷ್ಮಿ ಹಣ ಇಲ್ಲಿಯ ಪಡಿತರ ಚೀಟಿಯನ್ನು ಆಧರಿಸಿದ್ದು, ಶಕ್ತಿ ಯೋಜನೆಯ ಬಸ್ ಪ್ರಯಾಣ ಇಲ್ಲಿಯ ವಿಳಾಸವನ್ನು ಆಧರಿಸಿದ್ದು. ಆಧಾರಿನ ವಿಳಾಸ ಬದಲಿಸುವ ಆತುರ ಬೇಡವೆಂದು ನಾನು ಹೇಳಲಿಲ್ಲ, ಅವರೇ ಅರ್ಥ ಮಾಡಿಕೊಂಡರು.

ಯಜಮಾನರ ತಾಯಿಯ ವಿಷಯ ಮಾತ್ರ ಕಾಗದದಲ್ಲಿ ಬಗೆಹರಿಯುವಂಥದಾಗಿರಲಿಲ್ಲ. ನಾವು ಶಾಲೆಗೆ ಹೋಗಿದ್ದ ದಿನ ಮಧ್ಯಾಹ್ನದ ಊಟ ಅವರ ಮನೆಯಲ್ಲಿ. ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸುತ್ತ ಅವರು ಈ ವಿಚಾರವನ್ನು ಗುಳೆ ಎಂದೇ ಕರೆದರು. ಮಳೆ ಕೈಕೊಟ್ಟ ವರ್ಷ ಒಣಬೇಸಾಯದ ಹಳ್ಳಿಗಳ ಜನ ಮನೆಗೆ ಬೀಗ ಹಾಕಿ, ಪಾತ್ರೆಪಗಡ ಕಟ್ಟಿಕೊಂಡು ಬೆಂಗಳೂರು, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋಗುವುದಕ್ಕೆ ಈ ಸೀಮೆಯಲ್ಲಿ ಗುಳೆ ಎನ್ನುತ್ತಾರೆ. ಕಾಲುವೆಯ ನೀರುಂಡ ಮನೆಗೆ ಆ ಮಾತು ಅವಮಾನದ್ದು. ಮಗ ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಇದು ಎಂದು ಬಿಡಿಸಿ ಹೇಳಿದಾಗಲೂ ಅವರು ಬಿಡಲಿಲ್ಲ. “ದುಡಿಲಿಕ್ಕೆ ಒಬ್ಬವ ಹೋದ್ರ ತಿರುಗಿ ಬರ್ತಾನ. ಹೇಂತಿ ಮಕ್ಕಳನ್ನ ಕಟ್ಕೊಂಡು ಹೋದವ ಯಾವಾಗ ಬಂದಾನೋ ಯಪ್ಪಾ” ಎಂದರು. ನಾಲ್ಕು ಎಕರೆಯ ಪಹಣಿ ಅವರ ಹೆಸರಿನಲ್ಲಿಯೇ ಇದೆ. ಅವರ ಕೈಲಾಗದಾದರೆ ಲೀಸಿಗೆ ಕೊಡಬೇಕು. 1961ರ ಭೂ ಸುಧಾರಣಾ ಕಾಯ್ದೆ ಕೃಷಿ ಜಮೀನಿನ ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿರುವುದರಿಂದ ಇಲ್ಲಿಯ ಲೀಸುಗಳೆಲ್ಲ ಬಾಯಿಮಾತಿನವು, ಎಕರೆಗೆ ಇಷ್ಟು ಚೀಲವೆಂದು ಊರ ಹಿರಿಯರ ಮುಂದೆ ಆಡಿದ ಮಾತಷ್ಟೇ. ಒಡೆಯ 200 ಕಿಲೋಮೀಟರು ದೂರದಲ್ಲಿದ್ದರೆ ಆ ಮಾತಿನ ತೂಕ ಎಷ್ಟೆಂಬುದು ತಾಯಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

2024ರ ಜೂನ್ ಕೊನೆಯಲ್ಲಿ ಕುಟುಂಬ ಒಂದು ತೀರ್ಮಾನಕ್ಕೆ ಬಂತು. ಯಜಮಾನರು ಒಬ್ಬರೇ ಹೋಗುವುದು. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಪತ್ನಿ, ಮಕ್ಕಳು ರಾಯಚೂರಿನಲ್ಲಿಯೇ ಇರುವುದು. 2026ರ ಬೇಸಿಗೆಯಲ್ಲಿ ಮತ್ತೆ ಕೂತು ನೋಡುವುದು. ನಾನು ಇದನ್ನು ಒಪ್ಪಿದೆ, ಆದರೆ ಇದರ ಬೆಲೆಯನ್ನು ಸರಿಯಾಗಿ ಅಂದಾಜು ಮಾಡಿದೆನೆಂದು ಈಗ ಹೇಳಲಾರೆ. ತಿಂಗಳಿಗೆ 5,500 ಉಳಿಯುತ್ತದೆಂಬ ಲೆಕ್ಕ ಮೊದಲ ಮೂರು ತಿಂಗಳೂ ನಿಲ್ಲಲಿಲ್ಲ. ಅವರು ಕೆಲಸಕ್ಕೆ ಸೇರಿದ ಐದನೆಯ ವಾರ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ನೀರು ನದಿಗೆ ಹರಿಯುವುದನ್ನು ಟಿ.ವಿ.ಯಲ್ಲಿ ನೋಡುತ್ತ ಕಾಲುವೆಯ ಕೊನೆಯ ಭಾಗದವರು ಆ ವಾರ ಹೇಗೆ ಕಳೆದರೆಂಬುದನ್ನು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ನಾಟಿಯಾಗಿದ್ದ ಗದ್ದೆ, ಒಬ್ಬಳೇ ತಾಯಿ. ಯಜಮಾನರು ಆ ತಿಂಗಳು ನಾಲ್ಕು ಸಲ ಬಂದು ಹೋದರು, ಹೊಸ ಕೆಲಸದಲ್ಲಿ ಎರಡು ದಿನದ ಸಂಬಳ ಕಡಿತವಾಯಿತು. ಗೇಟಿನ ಜಾಗಕ್ಕೆ ಅಡ್ಡಹಲಗೆ ಕೂಡಿಸಿದ ಮೇಲೆ ಮಳೆಯೂ ಕೈಹಿಡಿದು ಆ ವರ್ಷದ ಬೆಳೆ ಉಳಿಯಿತು. ಆದರೆ 2025ರ ಕೊನೆಯಲ್ಲಿ, ಎಲ್ಲ 33 ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾದಾಗ, ರಾಯಚೂರಿನಲ್ಲಿ ಉಳಿಯುವುದರ ಪರವಾಗಿದ್ದ ಹೊಲದ ಆದಾಯ ಅರ್ಧಕ್ಕಿಳಿಯಿತು. ಹಳೆಯ ಪಟ್ಟಿಯಲ್ಲಿ ಈ ಸಾಲಿಗೆ ಜಾಗವೇ ಇರಲಿಲ್ಲ.

ಇನ್ನೊಂದು ಕಡೆ, ಹೋಗುವುದರ ಪರವಾಗಿ ನಾವು ಹೇಳಿದ್ದ ಮಾತು ನಿಜವಾಯಿತು. ವರ್ಷ ತುಂಬುವಷ್ಟರಲ್ಲಿ ಅವರು ವಿದೇಶಿ ತಪಾಸಣೆಯೊಂದನ್ನು ಕಂಡರು. ಎರಡನೆಯ ವರ್ಷದಲ್ಲಿ ಕೈಗೆ ಬರುವ ಸಂಬಳ 56,000ಕ್ಕೆ ಏರಿತು. ರಾಯಚೂರಿನಲ್ಲಿ ಆ ಹಂತಕ್ಕೆ ಅವರು ತಲುಪುತ್ತಿರಲಿಲ್ಲ. ಕಾಚಿಗುಡದ ಕನ್ನಡಿಗರ ನೃಪತುಂಗ ಶಾಲೆಯನ್ನು ಹೋಗಿ ವಿಚಾರಿಸಿಕೊಂಡು ಬಂದದ್ದೂ ಅವರೇ. ಕೆಲಸದ ಜಾಗದಿಂದ ಅದು ದೂರವೆಂದು ಕೈಬಿಟ್ಟರು.

ಈಗ ಅವರ ಮುಂದಿರುವುದು ಮಗಳ ಪ್ರಶ್ನೆಯಲ್ಲ, ಮಗನದು. ಎಸ್ಸೆಸ್ಸೆಲ್ಸಿ ಇಲ್ಲಿ ಮುಗಿದರೆ ಮಗಳು ಎಲ್ಲಿ ಬೇಕಾದರೂ ಓದಬಹುದು. ಅವಳು ಮಾತ್ರ ರಾಯಚೂರಿನಲ್ಲಿಯೇ ಪಿಯುಸಿ ವಿಜ್ಞಾನಕ್ಕೆ ಸೇರುವುದಾಗಿ, ಅಜ್ಜಿಯನ್ನು ಹಳ್ಳಿಯಿಂದ ಕರೆತಂದು ತನ್ನ ಜೊತೆಗಿಟ್ಟುಕೊಳ್ಳುವುದಾಗಿ ಹೇಳುತ್ತಿದ್ದಾಳೆ. ಮಗ ಆರನೆಯದನ್ನು ಮುಗಿಸುತ್ತಾನೆ. ಈಗ ಅವನು ಹೋದರೆ ತೆಲಂಗಾಣದ ಲೆಕ್ಕದಲ್ಲಿ ಏಳನೆಯ ತರಗತಿಯ ಒಂದೇ ವರ್ಷ ಸಿಗುವುದರಿಂದ ಅಲ್ಲಿಯ ಸರ್ಕಾರಿ ನೌಕರಿಗೆ ಸ್ಥಳೀಯನಾಗುವ ಮಾತೇ ಇಲ್ಲ. ಪಿಯುಸಿಗೆ ಇಲ್ಲಿಗೆ ಬಂದರೆ ಆರು ಮತ್ತು ಎರಡು ಎಂಟಾಗಿ, ತಂದೆಯ ಪ್ರಮಾಣಪತ್ರದ ಆಸರೆಯೂ ಬೇಕಾಗುವುದಿಲ್ಲ. ನಡುವಿನ ನಾಲ್ಕು ವರ್ಷ ತಂದೆಯ ಜೊತೆ ಇರಲು ಅವನನ್ನು ಕಳಿಸಬೇಕೆ, ಅದಕ್ಕಾಗಿ ತಾಯಿ ಹೊಲಿಗೆ ಯಂತ್ರ ಎತ್ತಬೇಕೆ ಎಂಬುದನ್ನು ನಿಯಮದ ಪುಸ್ತಕ ನೋಡಿ ಹೇಳಲು ಬರುವುದಿಲ್ಲವೆಂದು ನಾನು ಈ ಸಲ ಮೊದಲೇ ಹೇಳಿಬಿಟ್ಟಿದ್ದೇನೆ. ಪತ್ನಿ ಅಳತೆಯ ಹೊಸ ನೋಟ್‌ಬುಕ್ಕು ಕೊಂಡಿದ್ದಾರೆ, ಹಿಂಬದಿಯ ಹಾಳೆಯಲ್ಲಿ ಈ ಬಾರಿ ಮೂರು ಕಲಮು ಎಳೆದಿದ್ದಾರೆ: ಎಲ್ಲರೂ ಹೋದರೆ, ಮಗ ಮತ್ತು ತಾನು ಹೋದರೆ, ಯಾರೂ ಹೋಗದಿದ್ದರೆ. ಮಗಳ ಪರೀಕ್ಷೆ ಮುಗಿಯುವವರೆಗೆ ಅದರಲ್ಲಿ ಅಂಕಿ ತುಂಬುವುದಿಲ್ಲವಂತೆ. ಭಾನುವಾರ ಸಂಜೆ ಯಜಮಾನರು ಹೈದರಾಬಾದ್ ಬಸ್ಸು ಹತ್ತುವಾಗ ಕೈಚೀಲದಲ್ಲಿ ವಾರಕ್ಕಾಗುವಷ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇರುತ್ತದೆ; ವ್ಯಾಸಂಗ ಪ್ರಮಾಣಪತ್ರದ ಮೂಲಪ್ರತಿ ರಾಯಚೂರಿನ ಮನೆಯ ಟ್ರಂಕಿನಲ್ಲಿದೆ, ಅದರ ನಕಲು ನನ್ನ ಕಾಲೇಜಿನ ಮೇಜಿನ ಖಾನೆಯಲ್ಲಿದೆ.